ಚೀನಾದವರ ಕಣ್ಣಲ್ಲಿ ಚೀನಾ ಹೇಗಿದೆ? ಅಲ್ಲಿದ್ದವರು, ಹೋಗಿ ಬಂದವರು ಹೇಳಿ

ಡಾಂಗ್‌ಗುವಾನ್ ದಾಸ

ಈ ಗುಂಪಲ್ಲಿ ಚೀನಾ ಅಂದ್ರೆ ಎರಡೇ ಥರದ ಪೋಸ್ಟ್. ಒಂದು, "ಅವರ ರೈಲು ನೋಡಿ, ನಮ್ಮ ಸಿಲ್ಕ್ ಬೋರ್ಡ್ ನೋಡಿ." ಇನ್ನೊಂದು, "ಇನ್ನಾರು ತಿಂಗಳಲ್ಲಿ ಚೀನಾ ಮುಳುಗುತ್ತೆ." ಈ ಎರಡನೇದನ್ನ ಅಲ್ಲಿನ ದೊಡ್ಡ ಬಿಲ್ಡರ್ ಎವರ್‌ಗ್ರಾಂಡ್ ಕೈಯೆತ್ತಿದ 2021ರಿಂದ ಓದ್ತಾನೇ ಇದ್ದೀನಿ. ಅಲ್ಲಿನ ಜನ ಏನಂತಾರೆ ಅನ್ನೋದು ಮಾತ್ರ ಯಾರೂ ಬರೆಯಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡ್ತಿದ್ದೀನಿ.

ನಾನಿರೋದು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಫ್ಯಾಕ್ಟರಿ ಊರು ಡಾಂಗ್‌ಗುವಾನ್‌ನಲ್ಲಿ. ಚಾರ್ಜರ್, ಅಡಾಪ್ಟರ್ ಫ್ಯಾಕ್ಟರಿಗಳಿಂದ ಮಾಲು ಎತ್ತೋ ಕಂಪನಿಯ ಕ್ವಾಲಿಟಿ ವಿಭಾಗ. ಪಕ್ಕದ ಮೇಜಿನವನು ಹುನಾನ್ ಪ್ರಾಂತ್ಯದ ಹಳ್ಳಿಯವನು, ವಯಸ್ಸು ನಲವತ್ತರ ಹತ್ತಿರ. ಗಂಡ ಹೆಂಡತಿ ಇಬ್ರೂ ಇಲ್ಲೇ ದುಡೀತಾರೆ, ಮಗಳು ಊರಲ್ಲಿ ಅಜ್ಜಿ ತಾತನ ಹತ್ರ ಬೆಳೀತಾ ಇದ್ದಾಳೆ. ಕಾರಣ ಹುಕೌ. 1958ರಲ್ಲಿ ಬಂದ ಈ ಕುಟುಂಬ ನೋಂದಣಿ ಪದ್ಧತೀಲಿ ನಿಮ್ಮ ಹೆಸರು ಹಳ್ಳಿಯ ಲೆಕ್ಕದಲ್ಲಿದ್ರೆ, ನಗರದಲ್ಲಿ ಎಷ್ಟೇ ವರ್ಷ ಬೆವರು ಸುರಿಸಿದ್ರೂ ಅಲ್ಲಿನ ಸರ್ಕಾರಿ ಶಾಲೆ, ವಿಮೆ, ಪಿಂಚಣಿ ಸಲೀಸಾಗಿ ಸಿಗಲ್ಲ. ಸಣ್ಣ ಊರುಗಳಲ್ಲಿ ಈಗ ಸಡಿಲ ಮಾಡಿದ್ದಾರೆ. ದೊಡ್ಡ ನಗರಗಳಲ್ಲಿ ಓದು, ವಿಮೆ ಕಟ್ಟಿದ ವರ್ಷ ಎಲ್ಲಾ ಕೂಡಿಸಿ ಅಂಕ ಕೊಡ್ತಾರೆ. ಹೀಗೆ ಊರು ಬಿಟ್ಟು ದುಡಿಯೋರು ಸುಮಾರು 30 ಕೋಟಿ ಜನ.

ಇವನು 2019ರಲ್ಲಿ ಹುನಾನ್ ರಾಜಧಾನಿ ಚಾಂಗ್‌ಶಾ ಹೊರವಲಯದಲ್ಲಿ ಫ್ಲಾಟ್ ಬುಕ್ ಮಾಡಿದ. ಅಲ್ಲಿ "ಆರು ಪರ್ಸು" ಅಂತ ಒಂದು ಮಾತಿದೆ: ಹುಡುಗನ ಅಪ್ಪ ಅಮ್ಮ, ಹುಡುಗಿಯ ಅಪ್ಪ ಅಮ್ಮ, ಎರಡೂ ಕಡೆಯ ಅಜ್ಜಿ ತಾತ, ಎಲ್ಲರ ಗಂಟೂ ಬಿಚ್ಚಿದ್ರೆ ಒಂದು ಮುಂಗಡ. ಇವನ ಮನೇಲೂ ಅದೇ ಆಗಿದ್ದು. ಬಿಲ್ಡರ್ ಅರ್ಧಕ್ಕೇ ಕೈಕೊಟ್ಟ. ಫೋನಲ್ಲಿ ಫೋಟೋ ತೋರಿಸ್ದ: ಬೂದು ಕಾಂಕ್ರೀಟಿನ ಅಸ್ಥಿಪಂಜರ, ಹರಿದು ನೇತಾಡೋ ಹಸಿರು ಬಲೆ, ಕಿಟಕಿ ಇರಬೇಕಾದ ಕಡೆ ಬರೀ ತೂತು. ಬೆರಳಿಟ್ಟು "ಇದು ಅಡುಗೆಮನೆ" ಅಂದ. ಕಂತು ಮಾತ್ರ ಪ್ರತಿ ತಿಂಗಳು ಬ್ಯಾಂಕಿನವರು ಮುರ್ಕೊಳ್ತಾರೆ.

ಅದೇ ಮನುಷ್ಯ, ಅದೇ ಊಟದ ಹೊತ್ತಲ್ಲಿ, ಇನ್ನೊಂದು ಹೇಳ್ದ. ತೊಂಬತ್ತರ ದಶಕದಲ್ಲಿ ಅವರಪ್ಪ ಗುವಾಂಗ್‌ಡಾಂಗ್‌ಗೆ ಕೂಲಿಗೆ ಬರ್ತಿದ್ದದ್ದು ಹಸಿರು ಬಣ್ಣದ ಹಳೇ ರೈಲಲ್ಲಿ, ರಾತ್ರಿಯಿಡೀ ನಿಂತ್ಕೊಂಡು. ಈಗ ಗುವಾಂಗ್‌ಝೌದಿಂದ ಚಾಂಗ್‌ಶಾಗೆ ಎರಡೂವರೆ ಗಂಟೆ ಚಿಲ್ಲರೆ. "ನಮ್ಮಪ್ಪನ ಕಾಲಕ್ಕೂ ನನ್ನ ಕಾಲಕ್ಕೂ ಇಷ್ಟು ವ್ಯತ್ಯಾಸ ಇನ್ಯಾವ ದೇಶದಲ್ಲಿ ಆಗಿದೆ ಹೇಳು" ಅಂತ ನನ್ನೇ ಕೇಳ್ದ. ಎರಡೂ ಮಾತು ಒಂದೇ ಬಾಯಿಂದ ಬರ್ತವೆ. ನಮ್ಮೋರು ತಮಗೆ ಬೇಕಾದ್ದೊಂದನ್ನ ಕೇಳಿಸ್ಕೊಂಡು ಎದ್ದು ಬರ್ತಾರೆ.

ಕಟ್ಟೆ ಕಾಳ

ದಾಸಣ್ಣ, ಎಲ್ಲಾ ಸರಿ. ಆದ್ರೆ ಅಲ್ಲಿ ಬಾಯಿಬಿಟ್ರೆ ಒಳಗೆ ಹಾಕ್ತಾರೆ. ಅಂಥ ಕಡೆ ಹೊರಗಿನವನ ಮುಂದೆ ಯಾರು ನಿಜ ಮಾತಾಡ್ತಾರೆ? ನೀವು ಕೇಳ್ತಿರೋದು ಚೀನಾದವರ ದೃಷ್ಟಿಯಲ್ಲ, ಭಯದ ದೃಷ್ಟಿ.

ಡಾಂಗ್‌ಗುವಾನ್ ದಾಸ

ಭಯ ಇದೆ, ಇಲ್ಲ ಅನ್ನಲ್ಲ. ಯಾವುದಕ್ಕೆ ಅನ್ನೋದು ಮುಖ್ಯ. ಮನೆ ರೇಟು, ಆಸ್ಪತ್ರೆ ಬಿಲ್ಲು, ಬಿಲ್ಡರು, ಊರಿನ ಪಾರ್ಟಿ ಕಾರ್ಯದರ್ಶಿ, ಇವರನ್ನೆಲ್ಲ ಬಾಯಿಗೆ ಬಂದಂಗೆ ಬೈತಾರೆ. 2022ರ ಬೇಸಿಗೇಲಿ ಅರ್ಧ ಕಟ್ಟಿದ ಮನೆಗಳ ಸಾಲದ ಕಂತು ಕಟ್ಟಲ್ಲ ಅಂತ ಹತ್ತಾರು ನಗರಗಳಲ್ಲಿ ಜನ ಬಹಿರಂಗವಾಗಿ ಪತ್ರ ಬರೆದ್ರು. ಅದೇ ವರ್ಷ ನವೆಂಬರ್‌ನಲ್ಲಿ ಲಾಕ್‌ಡೌನ್‌ನಲ್ಲಿದ್ದ ಉರುಂಚಿ ನಗರದ ಬೆಂಕಿ ದುರಂತ ಆದ್ಮೇಲೆ ಬಿಳಿ ಹಾಳೆ ಹಿಡ್ಕೊಂಡು ಬೀದಿಗೆ ಬಂದ್ರು, ಡಿಸೆಂಬರ್‌ನಲ್ಲಿ ಕೋವಿಡ್ ನಿರ್ಬಂಧ ಬಿಡಿಸಿದ್ರು. ಆಮೇಲೆ ಅದರಲ್ಲಿ ಕೆಲವರನ್ನ ಹಿಡಿದಿದ್ದೂ ಹೌದು. ಎಲ್ಲಕ್ಕಿಂತ ಮೇಲೆ ಕೂತವರ ಹೆಸರು, ತೈವಾನ್, 1989ರ ಟಿಯಾನನ್‌ಮೆನ್, ಇವು ಬಂದ್ರೆ ಮಾತು ನಿಲ್ಲುತ್ತೆ, ಇಲ್ಲಾಂದ್ರೆ ತಟ್ಟೆ ಕಡೆ ತಿರುಗುತ್ತೆ.

ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತೀವಲ್ಲ, ಅಲ್ಲಿಯ ಸಾಮಾನ್ಯ ಮನುಷ್ಯನ ರಾಜಕೀಯ ಹೆಚ್ಚುಕಮ್ಮಿ ಅಷ್ಟೇ. ಬೀಜಿಂಗ್ ಒಳ್ಳೇದು, ಜಿಲ್ಲೆಯವರು ತಿಂದುಹಾಕಿದ್ರು. ಇದು ಭಯದಿಂದ ಹೇಳೋದು ಅಂತ ನನಗನ್ನಿಸಿಲ್ಲ, ಬಹಳ ಜನ ನಂಬೇ ಹೇಳ್ತಾರೆ.

ನಿವೃತ್ತ ಮೇಷ್ಟ್ರು

ದಾಸ ಅವರ ಸಹೋದ್ಯೋಗಿಯ ಫ್ಲಾಟಿನ ಕಥೆಗೆ ಸ್ವಲ್ಪ ಹಿನ್ನೆಲೆ ಕೊಡುತ್ತೇನೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು, ಚೀನಾ ನೋಡಿದವನಲ್ಲ.

ಅಲ್ಲಿ ನಗರದ ನೆಲವೆಲ್ಲ ಸರ್ಕಾರದ್ದು. ಮನೆ ಕೊಂಡವನಿಗೆ ಸಿಗುವುದು 70 ವರ್ಷದ ಬಳಕೆ ಹಕ್ಕು. 1994ರಲ್ಲಿ ತೆರಿಗೆ ಸುಧಾರಣೆ ಮಾಡಿ ಆದಾಯದ ದೊಡ್ಡ ಪಾಲನ್ನು ಕೇಂದ್ರ ಎಳೆದುಕೊಂಡಿತು. ಶಾಲೆ, ರಸ್ತೆ, ಆಸ್ಪತ್ರೆಯ ಖರ್ಚು ಸ್ಥಳೀಯ ಸರ್ಕಾರಗಳ ತಲೆ ಮೇಲೆಯೇ ಉಳಿಯಿತು. ಅವರ ಕೈಯಲ್ಲಿದ್ದ ಆಸ್ತಿ ಎಂದರೆ ನೆಲ. ರೈತರಿಂದ ಅಗ್ಗಕ್ಕೆ ತೆಗೆದುಕೊಂಡು ಬಿಲ್ಡರ್‌ಗಳಿಗೆ ಹರಾಜು ಹಾಕಿದರು. ಬಿಲ್ಡರ್ ಮನೆ ಕಟ್ಟುವ ಮೊದಲೇ ಮಾರಿ, ಆ ದುಡ್ಡಿನಲ್ಲಿ ಮುಂದಿನ ನೆಲ ಕೊಂಡ. ಷೇರುಪೇಟೆ ಮೇಲೆ ನಂಬಿಕೆಯಿಲ್ಲದ, ಬ್ಯಾಂಕಿನಲ್ಲಿ ಬಡ್ಡಿ ಸಿಗದ ಜನ ಉಳಿತಾಯವನ್ನೆಲ್ಲ ಗೋಡೆಗೆ ಸುರಿದರು. ನಗರದ ಕುಟುಂಬಗಳ ಸಂಪತ್ತಿನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಮನೆಯ ರೂಪದಲ್ಲೇ ಇದೆ.

2016ರಲ್ಲೇ "ಮನೆ ಇರುವುದು ವಾಸಕ್ಕೆ, ಸಟ್ಟಾ ವ್ಯಾಪಾರಕ್ಕಲ್ಲ" ಎಂದು ಷಿ ಜಿನ್‌ಪಿಂಗ್ ಹೇಳಿದ್ದರು. 2020ರ ಆಗಸ್ಟ್‌ನಲ್ಲಿ ಬಿಲ್ಡರ್‌ಗಳ ಸಾಲಕ್ಕೆ "ಮೂರು ಕೆಂಪು ಗೆರೆ" ಹಾಕಿದರು, ಅಂದರೆ ಅವನ್ನು ದಾಟಿದವರಿಗೆ ಹೊಸ ಸಾಲಕ್ಕೆ ಕಡಿವಾಣ. ಸಾಲದ ಮೇಲೆ ಸಾಲ ಮಾಡಿ ನಿಂತಿದ್ದವರು ಉರುಳಿದರು. ಎವರ್‌ಗ್ರಾಂಡ್‌ನ ಹೊಣೆ 30,000 ಕೋಟಿ ಡಾಲರ್ ದಾಟಿತ್ತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದನ್ನು ಮುಚ್ಚಿ ಲೆಕ್ಕ ಚುಕ್ತಾ ಮಾಡಲು ಆದೇಶಿಸಿತು.

ಈಗ ಮನೆ ಬೆಲೆ ಇಳಿದಿದೆ ಎಂದರೆ ಅಲ್ಲಿಯ ಮಧ್ಯಮವರ್ಗದವನ ಮಟ್ಟಿಗೆ ಪಿಎಫ್ ಕರಗಿದ ಹಾಗೆ. ಹಾಗಾಗಿ ಖರ್ಚು ಮಾಡುತ್ತಿಲ್ಲ. ನಮ್ಮಲ್ಲಿ ಜಿಡಿಪಿಯ ಸುಮಾರು ಶೇ. 60 ಮನೆಮಂದಿಯ ಬಳಕೆ. ಅಲ್ಲಿ ಶೇ. 40ರ ಆಸುಪಾಸು. ಒಳಗೆ ಮಾರಾಟವಾಗದ ಮಾಲು ಹೊರಗೆ ಹೋಗುತ್ತದೆ. 2024ರಲ್ಲಿ ಅವರ ವ್ಯಾಪಾರದ ಹೆಚ್ಚುವರಿ 1 ಲಕ್ಷ ಕೋಟಿ ಡಾಲರ್ ಹತ್ತಿರ. ಪ್ರಪಂಚವೆಲ್ಲ ಇದನ್ನು ಚೀನಾದ ಬಲ ಎನ್ನುತ್ತದೆ. ನನಗಂತೂ ಅದರಲ್ಲಿ ಅರ್ಧ, ಅವರ ಜನ ಜೇಬಿಗೆ ಕೈ ಹಾಕಲು ಹೆದರುತ್ತಿರುವುದರ ಲೆಕ್ಕವೆಂದೇ ಕಾಣುತ್ತದೆ.

ಎಚ್‌ಎಸ್‌ಆರ್ ಕೋಡುಬಳೆ

ಮೇಷ್ಟ್ರೇ ಸೂಪರ್ 🙏

ನಮ್ಮ ಟೀಮಲ್ಲಿ ಹಾಂಗ್‌ಝೌದ ಇಬ್ರು ಇದ್ರು, ದಿನಾ ಕಾಲ್‌ನಲ್ಲಿ ಸಿಗ್ತಿದ್ರು. ಅವರ ಹತ್ರ ರೈಲು ಸೇತುವೆ ಎತ್ತಿದ್ರೆ ಸುಮ್ನೆ ನಗ್ತಿದ್ರು. ಅವರ ತಲೇಲಿ ಇದ್ದದ್ದು ಒಂದೇ, 35. ಐಟಿ ಕಂಪನಿಗಳಲ್ಲಿ 35 ದಾಟಿದ್ರೆ ಕೆಲಸ ಹೋದಂಗೆ, ಹೊಸ ಕಡೆ ತಗೊಳ್ಳಲ್ಲ. ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ, ಇದಕ್ಕೆ 996 ಅಂತಾರೆ. 2019ರಲ್ಲಿ ಅಲಿಬಾಬಾ ಕಂಪನಿಯ ಜ್ಯಾಕ್ ಮಾ ಇದನ್ನ ಪುಣ್ಯ ಅಂತ ಹೊಗಳಿ ಉಗಿಸ್ಕೊಂಡ್ರು. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾನೂನುಬಾಹಿರ ಅಂತು. ನಿಂತಿದ್ಯಾ ಅಂತ ಕೇಳ್ದೆ. "ಪೇಪರಲ್ಲಿ ನಿಂತಿದೆ" ಅಂದ ಒಬ್ಬ.

ಇಲ್ಲಿ ವಾರಕ್ಕೆ 70 ಗಂಟೆ ದುಡೀರಿ ಅಂದಾಗ ನಾವೆಲ್ಲ ಎಗರಾಡಿದ್ವಿ ತಾನೆ? ಅವರು 72 ಗಂಟೆ ಮಾಡಿ ಮಾಡಿ ಸುಸ್ತಾಗಿ, 2021ರಲ್ಲಿ "ಸುಮ್ಮನೆ ಮಲಗಿಬಿಡೋಣ" ಅನ್ನೋ ಟ್ರೆಂಡೇ ಶುರು ಮಾಡಿದ್ರು. ಮನೆ ಬೇಡ, ಮದುವೆ ಬೇಡ, ಬಡ್ತಿ ಬೇಡ. ಸರ್ಕಾರಿ ಪತ್ರಿಕೆಗಳು ಯುವಕರಿಗೆ ಬುದ್ಧಿ ಹೇಳಿ ಸಂಪಾದಕೀಯ ಬರೆದ್ವು. 2023ರ ಜೂನ್‌ನಲ್ಲಿ ನಗರದ ಯುವಕರ ನಿರುದ್ಯೋಗ ಶೇ. 21.3 ಮುಟ್ಟಿತು, ಮುಂದಿನ ತಿಂಗಳಿಂದ ಅಂಕಿ ಕೊಡೋದನ್ನೇ ನಿಲ್ಲಿಸಿದ್ರು 😅 ಆಮೇಲೆ ಓದ್ತಿರೋರನ್ನ ಬಿಟ್ಟು ಹೊಸ ಲೆಕ್ಕ ಹಾಕಿ 14.9 ಅಂತ ತಂದ್ರು.

ಆದ್ರೆ ಒಂದು. ಇದೇ ಹಾಂಗ್‌ಝೌದಿಂದ 2025ರ ಜನವರೀಲಿ ಡೀಪ್‌ಸೀಕ್ ಅನ್ನೋ ಎಐ ಬಂತಲ್ಲ, ಅವತ್ತು ಅವರಿಬ್ಬರ ಮೆಸೇಜ್ ನೋಡ್ಬೇಕಿತ್ತು. ಕ್ರಿಕೆಟ್ ವರ್ಲ್ಡ್‌ಕಪ್ ಗೆದ್ದ ರಾತ್ರಿ ನಾವಿದ್ದಂಗೆ ಇದ್ರು.

ಹಾವೇರಿ ಏಲಕ್ಕಿ

ನಮ್ಮ ಅಣ್ಣನ ಮಗ ಅಲ್ಲೇ ಎಂಬಿಬಿಎಸ್ ಮಾಡ್ಯಾನ್ರಿ. ನಡುವ ಕೊರೊನಾ ಬಂತು, ಎರಡು ವರ್ಷದ ಮ್ಯಾಲೆ ಮನ್ಯಾಗ ಕುಂತು ಫೋನಿನ್ಯಾಗ ಓದ್ಯಾನ. 2022ರ ಆಗಸ್ಟ್‌ಕ್ಕ ವೀಸಾ ಬಿಟ್ರು ನೋಡ್ರಿ. ನಾ ಹೇಳೂದು ಅವನ ಸಂಕಟ ಅಲ್ಲ. ಅವನ ಚೀನೀ ಗೆಳ್ಯಾ ಒಬ್ಬಾಂವ ಹೇಳಿದ್ದು.

ಅವರಲ್ಲಿ ಪಿಯುಸಿ ಆದ ಮ್ಯಾಲೆ ಗಾವ್‌ಕಾವ್ ಅಂತ ಒಂದ ಪರೀಕ್ಷಾ ಐತಿ, ಜೂನ್ 7ಕ್ಕ ಶುರು. 2024ರಾಗ 1.34 ಕೋಟಿ ಹುಡುಗ್ರು ಬರದ್ರಂತ. ಪರೀಕ್ಷಾ ಕೇಂದ್ರದ ಸುತ್ತ ಕಟ್ಟಡದ ಕೆಲಸ ಬಂದ್, ಗಾಡಿ ಹಾರ್ನ್ ಬಂದ್, ಹೊತ್ತಾದ ಹುಡುಗ್ರನ್ನ ಪೊಲೀಸ್ರೇ ಗಾಡಿ ಮ್ಯಾಲೆ ಬಿಡ್ತಾರ. ಅನ್ಹುಯಿ ಪ್ರಾಂತ್ಯದಾಗ ಮಾವ್‌ತಾನ್‌ಚಾಂಗ್ ಅಂತ ಒಂದ ಊರೈತ್ರಿ, ಇಡೀ ಊರs ಕೋಚಿಂಗ್ ಶಾಲಿ ಮ್ಯಾಲೆ ಬದುಕತೈತಿ. ತಾಯಂದ್ರು ಕೆಲಸ ಬಿಟ್ಟು ಬಂದು ಬಾಡಿಗಿ ಖೋಲಿ ಹಿಡದು ಮಕ್ಕಳಿಗೆ ಅಡಗಿ ಮಾಡಿ ಹಾಕ್ತಾರ. ನಮ್ಮ ಧಾರವಾಡದಾಗ ನೀಟ್ ಸಲುವಾಗಿ ತಾಯಂದ್ರು ರೂಮ್ ಮಾಡೂದು ನೋಡೀವಲ್ಲ, ಅದs.

2021ರಾಗ ಸರ್ಕಾರ ಒಂದ ಹೊಡತಕ್ಕ ಟ್ಯೂಷನ್ ಧಂದೆಕ್ಕ ಬೀಗಾ ಹಾಕ್ತು. ಲಾಭಕ್ಕ ಶಾಲಿ ಪಾಠ ಹೇಳೂಹಂಗಿಲ್ಲ ಅಂತು. ಲಕ್ಷಗಟ್ಟಲೆ ಮಂದಿ ನೌಕರಿ ಕಳಕೊಂಡ್ರು. ಅನುಕೂಲಸ್ಥರು ಏನ್ ಮಾಡಿದ್ರು? ಮನಿಗೆs ಮಾಸ್ತರ್ನ ಕರಸ್ಕೊಂಡ್ರು, ಹೆಸರಿಗೆ ಅಡಗಿಯಾಂವ. ಬಡವ್ರ ಹುಡುಗ್ರಿಗೆ ಇದ್ದದ್ದೂ ಹೋತು. ಆದ್ರೂ ಆ ಹುಡುಗ ಏನಂದ ಗೊತ್ತೇನ್ರಿ, "ನಮ್ಮ ದೇಶದಾಗ ಅಪ್ಪನ ಹೆಸರು ನಡೀಲಾರದ ಜಾಗ ಇದೊಂದs, ಇದನ್ನ ಮುಟ್ಟಬ್ಯಾಡ್ರಿ."

ಬಾಗಿಲು ಬಡಿಯುವವ

ಚೀನಾ ಏಜೆಂಟ್‌ಗಳ ಸಭೆ ನಡೀತಿದೆ. ಗಾಲ್ವಾನ್ ಮರೆತುಹೋಯ್ತಾ?

ನಿರ್ವಾಹಕ

ಏಜೆಂಟ್ ಗೀಜೆಂಟ್ ಅನ್ನೋದು ಬೇಡ. ಗಾಲ್ವಾನ್ ಬಗ್ಗೆ ಬರೀಬೇಕಿದ್ರೆ ಬರೀರಿ, ಸ್ವಾಗತ.

ಡಾಂಗ್‌ಗುವಾನ್ ದಾಸ

ಮರೆತಿಲ್ಲ. 2020ರ ಜೂನ್ 15ಕ್ಕೆ ನಮ್ಮ 20 ಸೈನಿಕರು ಹೋದ್ರು. ಚೀನಾ ತನ್ನ ಕಡೆ ನಾಲ್ವರು ಸತ್ರು ಅಂತ ಒಪ್ಪಿಕೊಂಡದ್ದು 2021ರ ಫೆಬ್ರವರೀಲಿ. ಅಲ್ಲೀವರೆಗೂ ಇಲ್ಲಿ ಹೆಚ್ಚಿನವರಿಗೆ ಗಾಲ್ವಾನ್ ಅಂತ ಒಂದು ಜಾಗ ಇದೆ ಅಂತಾನೇ ಗೊತ್ತಿರಲಿಲ್ಲ. ಆಮೇಲೆ ಸತ್ತವರನ್ನ ಹುತಾತ್ಮರು ಅಂತ ಟಿವಿಯಲ್ಲಿ ತೋರಿಸಿದ್ರು. ಸಾವಿನ ಲೆಕ್ಕ ಪ್ರಶ್ನೆ ಮಾಡಿ ಇಲ್ಲಿನ ಟ್ವಿಟರ್ ಥರದ ವೀಬೋದಲ್ಲಿ ಬರೆದ ಒಬ್ಬ ಬ್ಲಾಗರ್‌ಗೆ ಜೈಲಾಯ್ತು.

ನಮಗೆ ಕಹಿಯಾದ್ರೂ ಒಂದು ಮಾತು ಹೇಳ್ಬೇಕು. ಅವರ ಬಗ್ಗೆ ನಾವು ಯೋಚಿಸೋದರಲ್ಲಿ ಕಾಲುಭಾಗದಷ್ಟೂ ಅವರು ನಮ್ಮ ಬಗ್ಗೆ ಯೋಚಿಸಲ್ಲ. 1962 ನಮ್ಮ ಮನೆಮನೆಯ ಗಾಯ. ಇಲ್ಲಿ ನಾನು ಕೇಳಿದ ಹೆಚ್ಚಿನವರಿಗೆ ಅದು ಪುಸ್ತಕದ ಒಂದು ಸಾಲು, ಅದೂ ಜ್ಞಾಪಕ ಇದ್ರೆ. ಅವರ ಕಣ್ಣಿರೋದು ಅಮೆರಿಕದ ಮೇಲೆ, ಸಿಟ್ಟಿರೋದು ಜಪಾನ್ ಮೇಲೆ. ಭಾರತ ಅಂದ ತಕ್ಷಣ ಬರೋದು ಬುದ್ಧ, ಸಾಫ್ಟ್‌ವೇರ್, ಆಮಿರ್ ಖಾನ್, ಅವರನ್ನ ಇಲ್ಲಿ "ಮೀ ಮಾವ" ಅಂತಾರೆ. ಆಮೇಲೆ ದನಿ ತಗ್ಗಿಸಿ, "ಅಲ್ಲಿ ಹೆಣ್ಮಕ್ಕಳು ಒಬ್ರೇ ಓಡಾಡಕ್ಕಾಗಲ್ವಂತೆ ಹೌದಾ?" ಅಂತ ಕೇಳ್ತಾರೆ. ಈ ಪ್ರಶ್ನೆಗೆ ಉತ್ತರ ಕೊಡೋಕೆ ನನಗೆ ಇವತ್ತಿಗೂ ಬರಲ್ಲ.

ನಿವೃತ್ತ ಮೇಷ್ಟ್ರು

ಸರಿ, ಆದರೆ ಭಾರತ ಅವರ ನೆನಪಿನಲ್ಲಿ ಇನ್ನೊಂದು ಕಡೆ ಕೂತಿದೆ, ಅದು ನಮಗೆ ಗೊತ್ತಿಲ್ಲ. ಚೀನಾದ ಶಾಲೆಯಲ್ಲಿ ಆಧುನಿಕ ಇತಿಹಾಸ ಶುರುವಾಗುವುದೇ 1840ರ ಅಫೀಮು ಯುದ್ಧದಿಂದ. ಅಲ್ಲಿಂದ 1949ರವರೆಗಿನದು ಅವರ ಲೆಕ್ಕದಲ್ಲಿ ಅವಮಾನದ ನೂರು ವರ್ಷ. ಆ ಅಫೀಮು ಎಲ್ಲಿಂದ ಹೋಯಿತು? ಪಟ್ನಾದ ಕಡೆಯಿಂದ, ಮಾಳ್ವದಿಂದ. ಕಲ್ಕತ್ತಾ, ಬೊಂಬಾಯಿ ಬಂದರುಗಳಿಂದ ಹಡಗೇರಿತು. ಬೊಂಬಾಯಿಯ ಎಷ್ಟೋ ದೊಡ್ಡ ಮನೆತನಗಳ ದುಡ್ಡಿಗೆ ಅದರ ವಾಸನೆಯಿದೆ. 1900ರಲ್ಲಿ ಬೀಜಿಂಗ್‌ಗೆ ನುಗ್ಗಿದ ಎಂಟು ದೇಶಗಳ ಸೈನ್ಯದಲ್ಲಿ ಬ್ರಿಟಿಷರ ಪರವಾಗಿ ಇದ್ದವರಲ್ಲಿ ನಮ್ಮ ಸಿಪಾಯಿಗಳು ಬಹಳ. ಶಾಂಘೈನ ವಿದೇಶಿ ವಸಾಹತಿನಲ್ಲಿ ಲಾಠಿ ಹಿಡಿದು ಚೀನೀಯರನ್ನು ಗದರುತ್ತಿದ್ದವರು ಸಿಖ್ ಪೊಲೀಸರು. ಭಾರತೀಯರನ್ನು ಹೀಯಾಳಿಸಲು ಅಲ್ಲಿಯ ಜಾಲತಾಣಗಳಲ್ಲಿ ಇವತ್ತೂ ಬಳಸುವ "ಆಸಾನ್" ಆ ಪೊಲೀಸರಿಗೆ ಇಟ್ಟ ಅಡ್ಡಹೆಸರು. ನಾವು ನಮ್ಮನ್ನು ವಸಾಹತಿನ ಬಲಿಪಶು ಎಂದುಕೊಂಡಿದ್ದೇವೆ. ಅವರಲ್ಲಿ ಕೆಲವರ ನೆನಪಿನಲ್ಲಿ ನಾವು ಬ್ರಿಟಿಷರ ಕೈಗೋಲು.

ಇದಕ್ಕೆ ಎದುರಾಗಿ ಡಾ. ದ್ವಾರಕಾನಾಥ ಕೋಟ್ನೀಸ್. ನಮ್ಮ ಗಡಿಗೆ ಅಂಟಿದ, ಮನೆಮನೆಯಲ್ಲಿ ಕನ್ನಡ ಕೇಳುವ ಸೊಲ್ಲಾಪುರದವರು. ಜಪಾನ್ ವಿರುದ್ಧದ ಯುದ್ಧದ ಹೊತ್ತಿನಲ್ಲಿ, 1938ರಲ್ಲಿ, ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಒಬ್ಬರು. ಅಲ್ಲೇ ಮದುವೆಯಾಗಿ, ಅಲ್ಲೇ 1942ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಷಿಜಿಯಾಝುವಾಂಗ್‌ನಲ್ಲಿ ಅವರ ಪ್ರತಿಮೆಯಿದೆ. ಸೊಲ್ಲಾಪುರದ ರಸ್ತೆಯಲ್ಲಿ ಹತ್ತು ಜನ ಹುಡುಗರನ್ನು ನಿಲ್ಲಿಸಿ ಅವರ ಹೆಸರು ಕೇಳಿ ನೋಡಿ.

ಕುಡ್ಲದ ಬೊಂಡ

ನಾನು ಇವೂ ಅನ್ನುವ ಊರಲ್ಲಿ ವ್ಯಾಪಾರ ಮಾಡಿದವ ಮಾರಾಯ್ರೆ. ಝೆಜಿಯಾಂಗ್ ಪ್ರಾಂತ್ಯದಲ್ಲಿ, ಚೀನಾದ ಲೆಕ್ಕಕ್ಕೆ ಸಣ್ಣ ಊರು, ಆದರೆ ಮಾರುಕಟ್ಟೆಯಲ್ಲಿ ಅಂಗಡಿಗಳೇ 75,000 ಉಂಟು. ನಿಮ್ಮ ಹೋಳಿ ಪಿಚಕಾರಿ, ದೀಪಾವಳಿ ಸರಪಳಿ ದೀಪ, ಜಾತ್ರೆಯ ಆಟದ ಸಾಮಾನು, ಎಲ್ಲ ಅಲ್ಲಿಂದಲೇ ಬರುವುದು. ಮೊದಲು ಅಲ್ಲಿಯವರು ಬೆಲ್ಲದ ಮಿಠಾಯಿ ಕೊಟ್ಟು ಕೋಳಿ ಪುಕ್ಕ ತೆಗೆದುಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದವರಂತೆ. 1982ರಲ್ಲಿ ಬೀದಿ ಸಂತೆಗೆ ಅನುಮತಿ ಸಿಕ್ಕಿತು, ಅಷ್ಟೆ.

ಅಲ್ಲಿ ರಾಜಕೀಯ ಮಾತಾಡ್ಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ. ಅಂಗಡಿಯ ಹೆಂಗಸು ಕ್ಯಾಲ್ಕುಲೇಟರ್‌ನಲ್ಲಿ ರೇಟು ಒತ್ತಿ ನಿಮ್ಮ ಕಡೆ ತಿರುಗಿಸ್ತಾಳೆ. ನೀವು ಅಳಿಸಿ ನಿಮ್ಮದನ್ನು ಒತ್ತಬೇಕು. ಹೀಗೆ ನಾಲ್ಕು ಸಲ ಹೋಗಿ ಬಂದು, ಐದನೇ ಸಲ ಅವಳು ತಲೆಯಾಡಿಸಿ ಎದ್ದು ಬಿಸಿನೀರು ಕುಡೀತಾಳೆ. ಆಗ ಗೊತ್ತಾಗ್ತದೆ, ನಮ್ಮ ರೇಟು ತೀರಾ ಕಡಿಮೆ ಆಯ್ತು ಅಂತ. ಗಾಲ್ವಾನ್ ಆದ ವರ್ಷವೂ ವಾಟ್ಸಾಪ್‌ಗೆ ಅವಳದ್ದೇ ಮೆಸೇಜು, ಹೊಸ ಡಿಸೈನ್ ಬಂದಿದೆ ಅಂತ. ನಮ್ಮ ಕಡೆ ಬಹಿಷ್ಕಾರದ ಬ್ಯಾನರ್ ಕಟ್ಟಿದರಲ್ಲ, ಆ ಬ್ಯಾನರಿನ ಬಟ್ಟೆ ಎಲ್ಲಿಂದ ಬಂತು ಅಂತ ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ. 2024-25ರಲ್ಲಿ ಚೀನಾ ಜೊತೆ ನಮ್ಮ ವ್ಯಾಪಾರದ ಕೊರತೆ 9,900 ಕೋಟಿ ಡಾಲರ್. ಬಹಿಷ್ಕಾರದ ಫಲ ಅದು.

ಶಿಡ್ಲಘಟ್ಟದ ಗೂಡು

ಬೊಂಡ ಅವರೇ, ನಿಮಗೆ ತಮಾಷೆ. ನಮಗೆ ಹೊಟ್ಟೆಪಾಡು. 2011ರ ಕೇಂದ್ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಮೇಲಿನ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಸಿದ್ರು. ಚೀನಾ ನೂಲು ಬಂದು ಬಿತ್ತು, ರಾಮನಗರ, ಶಿಡ್ಲಘಟ್ಟ ಮಾರುಕಟ್ಟೇಲಿ ಗೂಡಿನ ರೇಟು ಪಾತಾಳಕ್ಕೆ ಹೋಯ್ತು. ಎಷ್ಟು ಜನ ಹಿಪ್ಪುನೇರಳೆ ಕಿತ್ತು ಹಾಕಿದ್ರು ಅಂತ ಈ ಕಡೆ ಬಂದು ಕೇಳಿ. ಎರಡು ವರ್ಷ ಆದ್ಮೇಲೆ 15ಕ್ಕೆ ಏರಿಸಿದ್ರು. ಹಾಗಂತ ಚೀನಾನ ಬೈಯೋಣ ಅಂದ್ರೆ, ನಮ್ಮಲ್ಲಿ ಒಳ್ಳೇ ದರ್ಜೆ ನೂಲು ತೆಗೆಯೋ ಆಟೊಮ್ಯಾಟಿಕ್ ರೀಲಿಂಗ್ ಮಿಷನ್ನೂ ಅವರದ್ದೇ, ಸಬ್ಸಿಡಿ ಕೊಟ್ಟು ಸರ್ಕಾರವೇ ಹಾಕಿಸ್ತು.

ದಾಸಣ್ಣ, ಅಲ್ಲಿ ಹುಳ ಸಾಕೋ ರೈತ ಏನಂತಾನೆ? ಅವನ ದೃಷ್ಟಿಕೋನ ಯಾರೂ ಹೇಳ್ಲಿಲ್ಲ.

ಡಾಂಗ್‌ಗುವಾನ್ ದಾಸ

ನಮ್ಮೋರು ಓದಿರೋ ರೇಷ್ಮೆ ಚೀನಾ ಅಂದ್ರೆ ಸುಝೌ, ಹಾಂಗ್‌ಝೌ. ಅಲ್ಲೀಗ ಹುಳ ಸಾಕೋರು ಬಹಳ ಕಮ್ಮಿ. ಕೂಲಿ ಏರಿತು, ಜಮೀನಲ್ಲಿ ಫ್ಯಾಕ್ಟರಿ ಬಂತು. 2006ರಲ್ಲಿ ಸರ್ಕಾರವೇ ಪೂರ್ವದ ರೇಷ್ಮೆಯನ್ನ ಪಶ್ಚಿಮಕ್ಕೆ ಸಾಗಿಸೋ ಯೋಜನೆ ಹಾಕ್ತು. ಈಗ ಗೂಡು ಅತಿ ಹೆಚ್ಚು ಬರೋದು ದಕ್ಷಿಣದ ಗುವಾಂಗ್‌ಶಿಯಿಂದ, ವಿಯೆಟ್ನಾಂ ಗಡಿ ಕಡೆ. ಅಲ್ಲಿನ ಹಳ್ಳೀಲೂ ಯುವಕರಿಲ್ಲ, ಎಲ್ಲಾ ನಮ್ಮ ಡಾಂಗ್‌ಗುವಾನ್‌ಗೇ ಬಂದಿದ್ದಾರೆ. ಹುಳ ನೋಡ್ಕೊಳ್ಳೋದು ಅರವತ್ತು ದಾಟಿದವರು. ನಮ್ಮ ಕ್ಯಾಂಟೀನಲ್ಲಿ ಆ ಕಡೆಯ ಹೆಣ್ಮಗಳಿದ್ದಾಳೆ, ಸೊಪ್ಪು ಕೊಯ್ಯೋ ವಿಷಯ ತೆಗೆದ್ರೆ ಕೈ ಮುಗೀತಾಳೆ, ಮತ್ತೆ ಆ ಕೆಲಸಕ್ಕೆ ಕರೀಬೇಡಿ ಅಂತ.

ಅಲ್ಲಿನ ರೈತರಿಗೆ ಸಿಗೋ ಸರ್ಕಾರಿ ಪಿಂಚಣಿ ತಿಂಗಳಿಗೆ 200 ಯುವಾನ್ ಆಸುಪಾಸು. ನಗರದ ನಿವೃತ್ತ ನೌಕರನಿಗೆ ಅದರ ಹತ್ತು ಪಟ್ಟು, ಹದಿನೈದು ಪಟ್ಟು. ಪ್ರಧಾನಿಯಾಗಿದ್ದ ಲಿ ಕೆಚಿಯಾಂಗ್ 2020ರಲ್ಲಿ ಪತ್ರಕರ್ತರ ಮುಂದೆಯೇ, 60 ಕೋಟಿ ಜನರ ತಿಂಗಳ ಆದಾಯ 1,000 ಯುವಾನ್ ಅಷ್ಟೇ ಅಂದ್ರು. ದೇಶವೇ ಬೆಚ್ಚಿಬಿತ್ತು, ನಗರದವರಿಗೆ ಅದು ಗೊತ್ತೇ ಇರಲಿಲ್ಲ. ಅವರು 2023ರಲ್ಲಿ ತೀರಿಕೊಂಡಾಗ ಹೆಫೆಯ ಅವರ ಬಾಲ್ಯದ ಮನೆ ಮುಂದೆ ಹೂವಿನ ರಾಶಿ ಬಿತ್ತು. ಯಾಕೆ ಅಂತ ಕೇಳ್ದಾಗ ನಮ್ಮ ಹುನಾನಿನವನು "ಅವರು ನಮ್ಮನ್ನ ಎಣಿಸಿದ್ರು" ಅಂದ.

ಶೆನ್‌ಯಾಂಗ್ ಸೊಸೆ

ಇಷ್ಟು ಹೊತ್ತು ಸುಮ್ಮನೆ ಓದ್ತಾ ಇದ್ದೆ. ನನ್ನ ತವರು ಶಿವಮೊಗ್ಗ, ಗಂಡನ ಮನೆ ಈಶಾನ್ಯ ಚೀನಾದ ಶೆನ್‌ಯಾಂಗ್. ನೀವೆಲ್ಲ ಹೇಳಿದ್ದು ಗಂಡಸರ, ಅದರಲ್ಲೂ ಕೆಲಸಕ್ಕೆ ಹೋಗೋ ವಯಸ್ಸಿನವರ ಚೀನಾ. ನಮ್ಮತ್ತೆಯ ಚೀನಾ ಬೇರೆ.

ಅತ್ತೆ ಅಲ್ಲಿನ ತಿಯೆಶಿ ಕೈಗಾರಿಕಾ ಬಡಾವಣೆಯ ಸರ್ಕಾರಿ ಕಾರ್ಖಾನೆಯಲ್ಲಿದ್ದವರು. ಮನೆ, ಆಸ್ಪತ್ರೆ, ಮಗನ ಶಾಲೆ, ಸ್ನಾನದ ಮನೆ ಟಿಕೆಟ್ ಸಮೇತ ಎಲ್ಲ ಕಾರ್ಖಾನೆಯದೇ. ತೊಂಬತ್ತರ ದಶಕದ ಕೊನೆಗೆ ಸರ್ಕಾರಿ ಉದ್ದಿಮೆಗಳನ್ನ ಮುಚ್ಚಿದಾಗ ಕೋಟಿಗಟ್ಟಲೆ ಜನ ಮನೆಗೆ ಹೋದ್ರು, ಅದರಲ್ಲಿ ಅತ್ತೆ ಮಾವ ಇಬ್ಬರೂ. ಮಾವ ಸೈಕಲ್ ರಿಕ್ಷಾ ತುಳಿದ್ರು, ಅತ್ತೆ ಚಳಿಗಾಲದಲ್ಲಿ, ಮೈನಸ್ ಇಪ್ಪತ್ತರಲ್ಲಿ, ರಸ್ತೆ ಬದಿ ಕಾಲುಚೀಲ ಮಾರಿದ್ರು. ಅವರ ಮುಂದೆ ನನ್ನ ಗಂಡ "ಆರ್ಥಿಕತೆ ಸರಿಯಿಲ್ಲ" ಅಂದ್ರೆ, "ಫ್ರಿಜ್‌ನಲ್ಲಿ ಮಾಂಸ ಇದೆ ತಾನೆ, ಏನು ಸರಿಯಿಲ್ಲ?" ಅಂತ ಗದರ್ತಾರೆ. ಅವರಿಗೆ ಇದೇ ಒಳ್ಳೇ ಕಾಲ. ನನ್ನ ಗಂಡನಿಗೆ ಒಳ್ಳೇ ಕಾಲ 2010ರ ಸುಮಾರಿಗೆ ಮುಗಿದಿದೆ. ವರಸೆಯಲ್ಲಿ ನಾದಿನಿಯಾಗೋಳ ಮಗಳಿಗೆ ಇಪ್ಪತ್ಮೂರು, ಒಳ್ಳೇ ಕಾಲ ಅನ್ನೋದು ದೊಡ್ಡವರು ಹೇಳೋ ಕಥೆ. ಚೀನಾದವರ ದೃಷ್ಟಿ ಅಂತ ಒಂದನ್ನ ಹುಡುಕಬೇಡಿ, ಹುಟ್ಟಿದ ವರ್ಷ ಕೇಳಿ.

ಇನ್ನು ಮಕ್ಕಳ ವಿಷಯ. ಮನೆಗೊಂದೇ ಮಗು ಅನ್ನೋ ಕಾನೂನಿದ್ದ ಕಾಲದಲ್ಲಿ ಅತ್ತೆಗೆ ಎರಡನೇದು ನಿಂತಾಗ ಕಾರ್ಖಾನೆಯ ಕುಟುಂಬ ಯೋಜನೆ ಅಧಿಕಾರಿ ಮನೆಗೇ ಬಂದಿದ್ರಂತೆ. ಅದಕ್ಕಿಂತ ಹೆಚ್ಚು ಅವರು ಹೇಳಲ್ಲ, ನಾನು ಕೇಳಲ್ಲ. ಈಗ ಅದೇ ಸರ್ಕಾರ 2025ರಿಂದ ಮೂರು ವರ್ಷದ ಒಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಕೊಡ್ತಿದೆ. ಟಿವಿಯಲ್ಲಿ ಆ ಸುದ್ದಿ ಬಂದಾಗ ಅತ್ತೆ ರಿಮೋಟ್ ತಗೊಂಡು ಚಾನೆಲ್ ಬದಲಾಯಿಸಿದ್ರು. 2013ರಲ್ಲಿ 1.3 ಕೋಟಿ ದಾಟಿದ್ದ ಮದುವೆಗಳು 2024ಕ್ಕೆ 61 ಲಕ್ಷ. ಶಾಂಘೈನ ಪೀಪಲ್ಸ್ ಪಾರ್ಕಿನಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ವಯಸ್ಸು, ಎತ್ತರ, ಸಂಬಳ, ಹುಕೌ ಬರೆದ ಹಾಳೆಯನ್ನ ಕೊಡೆಗೆ ಅಂಟಿಸಿ ಕೂತಿರ್ತಾರೆ. ಮಕ್ಕಳಿಗೆ ಎಷ್ಟೋ ಸಲ ಗೊತ್ತೇ ಇರಲ್ಲ.

ಎಚ್‌ಎಸ್‌ಆರ್ ಕೋಡುಬಳೆ

ಅಕ್ಕ, ಆ ಕೊಡೆ ಐಡಿಯಾ ನಮ್ಮಮ್ಮನಿಗೆ ಮಾತ್ರ ಗೊತ್ತಾಗಬಾರದು 🙈

ಕಟ್ಟೆ ಕಾಳ

ಸೊಸೆಯವರ ಮಾತು ಒಪ್ಪಿದೆ. ಆದ್ರೂ ನನ್ನ ಪ್ರಶ್ನೆ ಹಾಗೇ ಇದೆ. ಎರಡನೇ ಮಗುವಿನ ಕಥೆಯನ್ನ ಅತ್ತೆ ಮನೆಯೊಳಗೇ ಹೇಳಲ್ಲ ಅಂದ್ರೆ, ಇನ್ನು ದೇಶದ ಬಗ್ಗೆ ಹೊರಗೆ ಏನು ಹೇಳ್ತಾರೆ? ದಾಸಣ್ಣ "ನಂಬೇ ಹೇಳ್ತಾರೆ" ಅಂತ ಬರೆದ್ರಲ್ಲ, ಅಷ್ಟು ಖಾತ್ರಿ ನನಗಿಲ್ಲ.

ಶೆನ್‌ಯಾಂಗ್ ಸೊಸೆ

ಕಾಳ ಅವರೇ, ನಮ್ಮಜ್ಜಿಯೂ ಎಷ್ಟೋ ವಿಷಯ ಹೇಳದೇ ಹೋದ್ರು, ಅದಕ್ಕೆ ಪೊಲೀಸರು ಕಾರಣ ಅಲ್ಲ. ಇಲ್ಲಿ ಎರಡೂ ಇದೆ. ಯಾವುದು ಎಷ್ಟು ಅಂತ ಅಳೆಯೋಕೆ ಇಷ್ಟು ವರ್ಷ ಒಳಗಿದ್ದೂ ನನಗೆ ಬಂದಿಲ್ಲ.

ಹಾವೇರಿ ಏಲಕ್ಕಿ

ಅಮೆರಿಕಾ ಸುಂಕ ಹಾಕಿದ್ದಕ್ಕ ಅಲ್ಲಿ ಮಂದಿ ಏನಂದ್ರು ದಾಸಣ್ಣಾರ?

ಡಾಂಗ್‌ಗುವಾನ್ ದಾಸ

2025ರ ಏಪ್ರಿಲ್‌ನಲ್ಲಿ ಶೇ. 145ಕ್ಕೆ ಹೋಯ್ತಲ್ಲ, ಆವಾಗ ನಮ್ಮ ಒಬ್ಬ ಸರಬರಾಜುದಾರರ ಗೋದಾಮಿನಲ್ಲಿ ಪ್ಯಾಕ್ ಆದ ಪೆಟ್ಟಿಗೆ ಸೂರು ಮುಟ್ಟಿತ್ತು. ರಾತ್ರಿ ಪಾಳಿ ನಿಲ್ಲಿಸಿದ್ರು. ಓವರ್‌ಟೈಮ್ ಇಲ್ಲ ಅಂದ್ರೆ ಕೂಲಿಯವನಿಗೆ ಬರೀ ಮೂಲ ಸಂಬಳ, ಅದು ಬಾಡಿಗೆಗೂ ಊಟಕ್ಕೂ ಸರಿಹೋಗುತ್ತೆ. ಕೆಲವರು ಗಂಟುಮೂಟೆ ಕಟ್ಕೊಂಡು ಊರಿಗೆ ಹೋದ್ರು. ಆದ್ರೆ ಸರ್ಕಾರ ಬಗ್ಗಬೇಕು ಅಂತ ಒಬ್ಬನೂ ಅನ್ನಲಿಲ್ಲ. ವಿರಳ ಲೋಹಗಳ ರಫ್ತಿಗೆ ಬೀಜಿಂಗ್ ಬಿಗಿ ಹಾಕಿದಾಗ ಕ್ಯಾಂಟೀನಲ್ಲಿ ಖುಷಿಯೋ ಖುಷಿ. ಆ ಬಿಗಿಯಿಂದ ಮ್ಯಾಗ್ನೆಟ್ ಸಿಗದೆ ನಮ್ಮ ಕಡೆಯ ಗಾಡಿ ಕಂಪನಿಗಳೂ ಪರದಾಡಿದ್ವು ಅಂತ ನಾನಂದ್ರೆ, "ಓ, ನಿಮಗೂ ತಟ್ಟಿತಾ?" ಅಂದ್ರು. ನಾನು ಮೊದಲೇ ಹೇಳಿದ್ನಲ್ಲ, ನಾವು ಅವರ ಲೆಕ್ಕದಲ್ಲಿರಲಿಲ್ಲ. ಮೇನಲ್ಲಿ ಜಿನೀವಾ ಮಾತುಕತೆ ಆಗಿ ಸುಂಕ ಇಳೀತು, ಪೆಟ್ಟಿಗೆ ಹೊರಟವು.

ಅವರ ಒಟ್ಟು ರಫ್ತಿನಲ್ಲಿ ಅಮೆರಿಕದ ಪಾಲು 2018ರಲ್ಲಿ ಶೇ. 19 ಇತ್ತು, 2024ಕ್ಕೆ 15ರ ಒಳಗೆ. ಉಳಿದದ್ದು ವಿಯೆಟ್ನಾಂ, ಮೆಕ್ಸಿಕೊ, ಆಫ್ರಿಕಾ ಕಡೆ ತಿರುಗಿದೆ. ಕೆಲವು ಸುತ್ತಿ ಬಳಸಿ ಮತ್ತೆ ಅಮೆರಿಕಕ್ಕೇ ಹೋಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು.

ಕುಡ್ಲದ ಬೊಂಡ

ಬೇರೆ ದೇಶಗಳಲ್ಲಿ ಚೀನಾ ಸಾಲ ಕೊಟ್ಟು ರಸ್ತೆ, ಬಂದರು ಕಟ್ಟಿಸುವ ಬೆಲ್ಟ್ ಆಂಡ್ ರೋಡ್ ಬಗ್ಗೆ ಹೊರಗೆ ಸಾಲದ ಬಲೆ ಅಂತಾರೆ, ಶ್ರೀಲಂಕಾದ ಹಂಬನ್‌ತೋಟ ಬಂದರು ತೋರಿಸ್ತಾರೆ. ಇವೂದ ಅಂಗಡಿಯವರು ಕೇಳಿದ್ದು ಬೇರೆ: "ನಮ್ಮೂರ ಆಸ್ಪತ್ರೆಗೆ ದುಡ್ಡಿಲ್ಲ, ಆಫ್ರಿಕಾಕ್ಕೆ ಎಂತಕ್ಕೆ ಕೊಡುವುದು?" ಇದು ನಾನು ಒಬ್ಬಿಬ್ಬರಿಂದ ಕೇಳಿದ್ದಲ್ಲ.

ಡಾಂಗ್‌ಗುವಾನ್ ದಾಸ

ಹೌದು, ಇಲ್ಲೂ ಅದೇ ಮಾತು.

ಶಿಡ್ಲಘಟ್ಟದವರಿಗೆ ಒಂದು ವಿಷಯ. ನಿನ್ನೆ ನಮ್ಮ ಹುನಾನಿನವನಿಗೆ ಈ ಚರ್ಚೆ ಓದಿ ಹೇಳ್ತಾ ಇದ್ದೆ. ಅವನು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ, "ನಿಮ್ಮಲ್ಲಿ ರೈತ ತನ್ನ ಜಮೀನು ಮಾರಬಹುದಾ?" ಇಲ್ಲಿ ಹಳ್ಳಿಯ ನೆಲ ಊರೊಟ್ಟಿನದು, ಮನೆತನಕ್ಕೆ 30 ವರ್ಷದ ಗುತ್ತಿಗೆ. ಬಾಡಿಗೆಗೆ ಕೊಡಬಹುದು, ಮಾರೋ ಹಾಗಿಲ್ಲ. ಮಾರಬಹುದು ಅಂದೆ. "ಹಾಗಾದ್ರೆ ನಿಮ್ಮ ರೈತ ಶ್ರೀಮಂತ" ಅಂದ. ನಾನು ಏನು ಹೇಳಲಿ?

ಶಿಡ್ಲಘಟ್ಟದ ಗೂಡು

ಮಾರಬಹುದು ಅಂತ ಹೇಳಿ, ಮಾರಲೇಬೇಕು ಅಂತ ನೋಟಿಸ್ ಕೂಡ ಬರುತ್ತೆ ಅಂತ ಸೇರಿಸಿ. ನಮ್ಮ ಪಕ್ಕದ ದೇವನಹಳ್ಳಿ ಚನ್ನರಾಯಪಟ್ಟಣದವರು ಹೆಚ್ಚುಕಮ್ಮಿ ಸಾವಿರದಿನ್ನೂರು ದಿನ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ 1,777 ಎಕರೆ ಸ್ವಾಧೀನ ಕೈಬಿಟ್ರು. ಅವನ ಊರಲ್ಲಿ ಹಾಗೆ ಧರಣಿ ಕೂರೋಕೆ ಆಗುತ್ತಾ ಕೇಳಿ. ಹಾಗೇ ಜಮೀನಿದ್ರೂ ಮದುವೆಗೆ ಹೆಣ್ಣು ಕೊಡಲ್ಲ ಅನ್ನೋದನ್ನೂ ಹೇಳಿ, ಶ್ರೀಮಂತ ಅಂತ ತಪ್ಪು ತಿಳ್ಕೊಂಡಾನು.

ಡಾಂಗ್‌ಗುವಾನ್ ದಾಸ

ಧರಣಿ ವಿಷಯ ಕೇಳ್ದೆ. ನಕ್ಕ, ಉತ್ತರ ಕೊಡಲಿಲ್ಲ. ಕಾಳ ಅವರು ಇದನ್ನ ತಮ್ಮ ಕಡೆಯ ಅಂಕ ಅಂತ ಬರ್ಕೊಳ್ಳಬಹುದು. ಹೆಣ್ಣು ಕೊಡಲ್ಲ ಅಂದಾಗ ಮಾತ್ರ "ನಮ್ಮೂರಲ್ಲೂ" ಅಂತ ಮೇಜು ಗುದ್ದಿದ.

ವಸಂತ ಹಬ್ಬಕ್ಕೆ, ಅಂದ್ರೆ ಚೀನೀ ಹೊಸವರ್ಷಕ್ಕೆ, ಅವನೂರಿಗೆ ಕರೆದಿದ್ದಾನೆ. ಗುವಾಂಗ್‌ಶಿ ಅಲ್ಲಿಂದ ಹತ್ತಿರ, ಕ್ಯಾಂಟೀನಿನ ಆ ಹೆಣ್ಮಗಳ ಊರಿಗೂ ಹೋಗಿಬರೋಣ ಅಂತಿದ್ದೀನಿ. ರೇಷ್ಮೆ ಬಗ್ಗೆ ಏನು ಕೇಳ್ಬೇಕು ಬರೆದು ಕಳಿಸಿ.

ಶಿಡ್ಲಘಟ್ಟದ ಗೂಡು

ಬರ್ಕೊಳ್ಳಿ. ದ್ವಿತಳಿ, ಅದೇ ಬಿಳಿ ಗೂಡು, ಕೆಜಿಗೆ ಎಷ್ಟು ಯುವಾನ್, ಹರಾಜೋ ಇಲ್ಲಾ ಫ್ಯಾಕ್ಟರಿಯವರೇ ರೇಟು ಕಟ್ತಾರೋ. ಚಾಕಿ, ಅಂದ್ರೆ ಎಳೇ ಹುಳ, ಕೇಂದ್ರದಿಂದ ತರ್ತಾರೋ, ಮನೇಲೇ ಮೇಯಿಸ್ತಾರೋ. ವರ್ಷಕ್ಕೆ ಎಷ್ಟು ಬೆಳೆ. ನೆಲದ ಮೇಲೆ ಸಾಕ್ತಾರಾ, ತಟ್ಟೇಲಾ. ಸೊಪ್ಪು ಕೊಯ್ಯೋಕೆ ಮಿಷನ್ ಇದ್ರೆ ಅದರ ವಿಡಿಯೋ, ಬ್ಲೇಡಿನ ಹತ್ರದಿಂದ. ರೇಟು ಕೇಳೋವಾಗ ಹೆಂಗಸರನ್ನ ಕೇಳಿ, ಗಂಡಸರು ಹೆಚ್ಚು ಹೇಳ್ತಾರೆ.